ಬಲಗೈ ಹಿಡಿದುಕೊಂಡರೂ ಠೇಕಾ ನಿಲ್ಲಲಿಲ್ಲ

ಬೇಸಿಗೆಯ ಪುರಾಣ ಪ್ರವಚನಗಳಿಗೆ ತಬಲಾ ಸಾಥ್ ಕೊಡುವವರಿಗೆ ಕೈ ಹಿಡಿದುಕೊಳ್ಳುವ ಈ ಪೀಡೆ ಹೊಸದಲ್ಲ. ಕಲಬುರಗಿಯ ಮೇ ತಿಂಗಳು, ಹಗಲೆಲ್ಲ 42–43 ಡಿಗ್ರಿ ಕಾದ ಗುಡಿಯ ಕಟ್ಟೆ ರಾತ್ರಿ ಹತ್ತಕ್ಕೂ ತಣ್ಣಗಾಗಿರುವುದಿಲ್ಲ. ದ್ರುತ್ ತೀನ್‌ತಾಲ, ಹದಿನಾರು ಮಾತ್ರೆಯ ವೇಗದ ತಾಳ, ರಂಗೇರಿದಾಗ ಬಲಗೈ ಹೆಬ್ಬೆರಳು ತಾನಾಗಿ ಅಂಗೈಯೊಳಗೆ ಮಡಚಿಕೊಳ್ಳುತ್ತದೆ, ಬಿಡಿಸಿದರೂ ಬಿಡದು.

ಮೊದಲ ಸಲ ಆದದ್ದು ಆಳಂದ ಕಡೆಯ ಹಳ್ಳಿಯಲ್ಲಿ. ಗಾಬರಿಯಿಂದ ಕೈ ಎತ್ತಿ ಝಾಡಿಸಿದೆ. ಸಮ, ಅಂದರೆ ತಾಳದ ಮೊದಲ ಪೆಟ್ಟು, ತಪ್ಪಿತು; ಹಾಡುವ ಗವಾಯಿಗಳು ತಿರುಗಿ ನೋಡಿದರು. ಹದಿನೈದು ದಿನಕ್ಕೆ ಹನ್ನೆರಡು ಸಾವಿರ ಮಾತಾಗಿತ್ತು. ಐದನೆಯ ದಿನ ಬೇರೆ ಹುಡುಗ ಬಂದ. ನನಗೆ ಮೂರೂವರೆ ಸಾವಿರವೋ ಏನೋ ಸಿಕ್ಕಿತು, ಜೊತೆಗೆ ಒಂದು ಶಾಲು.

ಆಮೇಲೆ ಫಿಸಿಯೋಥೆರಪಿಗೆ ಎಂಟು ಸಲ ಹೋದೆ, ಸಲಕ್ಕೆ ಮುನ್ನೂರರಂತೆ. ನೋವಿನ ಸ್ಪ್ರೇ ಹೊಡೆದುಕೊಂಡೆ. ಬೆರಳು ತಬಲಾದ ಅಂಚಿನ ಕಿನಾರದ ಮೇಲೆ ಜಾರಿತು, ಅದರ ಘಾಟಿಗೆ ಗವಾಯಿಗಳು ಆಲಾಪದ ನಡುವೆ ಸೀನಿದರು. ಸಿಂಬಿ ಎರಡು ಬೆರಳು ಎತ್ತರಿಸಿದೆ: ಮಣಿಕಟ್ಟಿಗೆ ಹಿತ, ಎಡಗೈಯಲ್ಲಿ ನುಡಿಸುವ ಡಗ್ಗಾದ ನಾದ ಕೆಟ್ಟಿತು. ಓಆರ್‌ಎಸ್ ಸಂಜೆಯಿಂದಲೇ ಕುಡಿದರೆ ಅಷ್ಟಿಷ್ಟು ಉಪಯೋಗ. ಕೈ ಹಿಡಿದ ಮೇಲೆ ಕುಡಿದರೆ ಏನೂ ಇಲ್ಲ.

ಕೊನೆಗೆ ಕೈಗೂಡಿದ್ದು ಇದು. ಹೆಬ್ಬೆರಳ ಬುಡದಲ್ಲಿ ಇರುವೆ ಹರಿದಂತಾದ ಕೂಡಲೇ ತಿರಕಿಟದಂಥ ಚುರುಕು ಪೆಟ್ಟುಗಳ ಆಸೆ ಬಿಟ್ಟು ಬರೀ ಠೇಕಾಕ್ಕೆ, ತಾಳದ ಮೂಲ ನಡೆಗೆ, ಇಳಿಯುತ್ತೇನೆ. ಹಿಡಿದೇಬಿಟ್ಟರೆ ಎಲ್ಲವನ್ನೂ ಡಗ್ಗಾಕ್ಕೆ ಒಪ್ಪಿಸುತ್ತೇನೆ: ಮಣಿಕಟ್ಟು ಒತ್ತಿ ಘಿಸ್ಸಾ (ಜಾರುನಾದ) ಎಳೆಯುತ್ತ ‘ಗೇ’, ಖಾಲಿ (ತಾಳದ ಪೆಟ್ಟಿಲ್ಲದ ಭಾಗ) ಬಂದಾಗ ಅದೇ ಕೈಯಿಂದ ಮುಚ್ಚಿದ ‘ಕ’. ಬಲಗೈಗೆ ಸಮದಲ್ಲಿ ಚಪ್ಪಟೆ ಅಂಗೈಯ ಒಂದೇ ಏಟು. ಉಳಿದ ಮಾತ್ರೆಗಳಲ್ಲಿ ಹೆಬ್ಬೆರಳನ್ನು ತಬಲಾ ಪಕ್ಕದ ಮರದ ಗಟ್ಟಾಕ್ಕೆ ಆನಿಸಿ ನಿಧಾನವಾಗಿ ಹಿಂದಕ್ಕೆ ಒತ್ತುತ್ತೇನೆ. ನೋಡುವವರಿಗೆ ಶ್ರುತಿ ಪರೀಕ್ಷಿಸುತ್ತಿರುವಂತೆ ಕಾಣುತ್ತದೆ. ಐದಾರು ಆವರ್ತನ, ಅಂದರೆ ಅರ್ಧ ನಿಮಿಷದಲ್ಲಿ ಬಿಡುತ್ತದೆ. ಅವಸರಪಟ್ಟು ಎಳೆದರೆ ಮತ್ತೆ ಹಿಡಿಯುತ್ತದೆ.

ಜೊತೆಗೆ ನಿಂಬೆ ಉಪ್ಪಿನಕಾಯಿಯ ರಸ, ಒಂದು ಗುಟುಕು. ಉಪ್ಪು ಮೈಗೆ ಇಳಿಯುವಷ್ಟು ಹೊತ್ತೂ ಬೇಡ. ಹುಳಿ ಗಂಟಲಿಗೆ ತಾಗುತ್ತಲೇ ನನಗೆ ಬಿಗಿ ಸಡಿಲುತ್ತದೆ. ‘ತಬಲಾಕ್ಕೋ, ರೊಟ್ಟಿಗೋ?’ ಎಂದು ಜೊತೆಗಾರರು ನಕ್ಕರು. ಎರಡೂ ಕೈ ಕೆಲಸದಲ್ಲಿರುವಾಗ ಅದು ಬಾಯಿಗೆ ಹೇಗೆ ಬರುತ್ತದೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ಈ ವರ್ಷ ಜೇವರ್ಗಿ ಕಡೆಯ ಪುರಾಣದಲ್ಲಿ ಮೂರನೆಯ ರಾತ್ರಿ ಕೈ ಹಿಡಿಯಿತು. ಸಮ ಒಂದೂ ತಪ್ಪಲಿಲ್ಲ. ಮಂಗಳವಾದ ಮೇಲೆ ಗವಾಯಿಗಳು, ‘ತಮ್ಮಾ, ಇವತ್ತು ನಿನ್ನ ಡಗ್ಗಾ ಮಾತಾಡಿತಲ್ಲ!’ ಎಂದರು. ನಾನು ಸುಮ್ಮನೆ ಕೈಮುಗಿದೆ. ಪೂರ್ತಿ ಹದಿನಾಲ್ಕು ಸಾವಿರ ಎಣಿಸಿಕೊಂಡು ಬಂದೆ. ತೊಂದರೆ ಒಂದೇ: ಮರುದಿನದಿಂದ ಅವರು ಹಾಡಿನ ಅದೇ ಜಾಗಕ್ಕೆ ಬಂದಾಗ ನನ್ನತ್ತ ತಿರುಗಿ ‘ಹಾಂ, ಡಗ್ಗಾ!’ ಎನ್ನುತ್ತಿದ್ದರು. ಕೈ ನೆಟ್ಟಗಿದ್ದರೂ ಹಿಡಿದುಕೊಂಡವನಂತೆಯೇ ನುಡಿಸಬೇಕಾಯಿತು.