ಸೊಂಟಕ್ಕೆ ಶಾಖ: ನಾನು ಮಾಡುವ ರೀತಿ

ದಿನವಿಡೀ ಕೂತು ಕೆಲಸ ಮಾಡುವ ನನಗೆ ಸೊಂಟ ಹಿಡಿದುಕೊಳ್ಳುವುದು ಹೊಸದೇನಲ್ಲ. ಹೀಟಿಂಗ್ ಪ್ಯಾಡ್ ಇದ್ದರೂ ಕೈ ಹೋಗುವುದು ಬಿಸಿನೀರಿನ ಬ್ಯಾಗಿಗೇ. ಕಾರಣ ಇಷ್ಟೇ, ಬ್ಯಾಗ್ ತಾನಾಗಿ ಆರುತ್ತದೆ, ಪ್ಯಾಡ್ ಆರುವುದಿಲ್ಲ. ಕೆಲವು ಪ್ಯಾಡ್‌ಗಳು ತಾವೇ ಆಫ್ ಆಗುತ್ತವೆ, ಆದರೂ ನಾನು ಅಲಾರಾಂ ಇಡುತ್ತೇನೆ. ಪ್ಯಾಡನ್ನು ಬೆನ್ನಡಿಗೆ ಹಾಕಿಕೊಂಡು ಮಲಗುವುದಂತೂ ಇಲ್ಲವೇ ಇಲ್ಲ, ಮೈಭಾರಕ್ಕೆ ಕಾವು ಅಲ್ಲೇ ಕಟ್ಟಿಕೊಳ್ಳುತ್ತದೆ.

ಬ್ಯಾಗಿಗೆ ಕುದಿಯುವ ನೀರು ಬೇಡ. ಒಲೆ ಆರಿಸಿ ಸ್ವಲ್ಪ ಹೊತ್ತು ಬಿಟ್ಟು, ಮೂರರಲ್ಲಿ ಎರಡು ಭಾಗ ತುಂಬಿಸಿ, ನೀರು ಬಾಯಿ ಹತ್ತಿರ ಬರುವ ತನಕ ಮೆಲ್ಲಗೆ ವಾಲಿಸಿ ಗಾಳಿ ತೆಗೆದು, ಮುಚ್ಚಳ ಬಿಗಿದು, ಸಿಂಕ್ ಮೇಲೆ ತಲೆಕೆಳಗು ಮಾಡಿ ಹನಿ ಜಿನುಗುತ್ತದಾ ಅಂತ ನೋಡುತ್ತೇನೆ. ರಬ್ಬರ್ ಮಡಿಕೆಯಲ್ಲಿ ಬಿರುಕು ಕಂಡರೆ ಆ ಬ್ಯಾಗ್ ಕಸದ ಬುಟ್ಟಿಗೆ.

ಟವೆಲ್ ಸುತ್ತಿ 15-20 ನಿಮಿಷ, ಸಾಕು. ಹಿತವಾಗಿ ಬೆಚ್ಚಗಿರಬೇಕು, ಹಲ್ಲು ಕಚ್ಚಿ ತಡೆದುಕೊಳ್ಳುವಂತಿರಬಾರದು. ಜಾಸ್ತಿ ಬಿಸಿ ಮಾಡಿದರೆ ನೋವು ಬೇಗ ಹೋಗುತ್ತೆ ಅನ್ನುವುದು ಸುಮ್ನೆ ಮಾತು. 60 ಡಿಗ್ರಿ ಸೆಲ್ಸಿಯಸ್‌ನ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ, ಆದರೆ 44-45 ಡಿಗ್ರಿಯೂ ಗಂಟೆಗಟ್ಟಲೆ ಒಂದೇ ಕಡೆ ತಾಗಿದ್ದರೆ ಸುಡಬಲ್ಲದು. ಅದಕ್ಕೇ ನಡುನಡುವೆ ಟವೆಲ್ ಸರಿಸಿ ಚರ್ಮ ನೋಡುತ್ತೇನೆ. ಸಮನಾಗಿ ತುಸು ಕೆಂಪಾದರೆ ಸರಿ. ಕೆಂಪು ಬಿಳಿ ಮಚ್ಚೆ ಮಚ್ಚೆಯಾಗಿ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ಕೊಡುತ್ತಿದ್ದರೆ ಬಲೆಯಂಥ ಕಂದು ಗೆರೆಗಳೂ ಮೂಡುತ್ತವೆ.

ಬಾಮ್ ಹಚ್ಚಿ ಅದರ ಮೇಲೆ ಶಾಖ ಕೊಡುವ ಅಭ್ಯಾಸ ಎಷ್ಟೋ ಜನಕ್ಕಿದೆ ಅಲ್ವಾ? ಬೇಡ, ಚರ್ಮ ಸುಟ್ಟೀತು. ನೋವಿನ ಔಷಧಿಯ ಪ್ಯಾಚ್ ಅಂಟಿಸಿದ್ದರೂ ಬೇಡ. ಕಾವಿಗೆ ಔಷಧಿ ಒಮ್ಮೆಲೇ ಜಾಸ್ತಿ ಒಳಗಿಳಿಯಬಹುದು.

ಕಾಲು ಈಗಷ್ಟೇ ಉಳುಕಿ ಊದಿಕೊಂಡಿದ್ದರೆ ನಾನು ಮೊದಲ ಎರಡು ದಿನ ಶಾಖ ಮುಟ್ಟುವುದಿಲ್ಲ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡುತ್ತೇನೆ. ಬಿಸಿಗೆ ರಕ್ತದ ಹರಿವು ಹೆಚ್ಚಿ ಊತ ಇನ್ನೂ ಏರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಡಾಕ್ಟರನ್ನು ಕೇಳದೆ ಅಲ್ಲಿ ಶಾಖ ಕೊಡಲೇಬಾರದು, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಬ್ಯಾಗ್ ತೆಗೆದ ತಕ್ಷಣ ನಾನು ಏಳುವುದಿಲ್ಲ. ಸ್ನಾಯು ಸಡಿಲವಾಗಿರುವ ಆ ಹೊತ್ತಲ್ಲೇ ಮಲಗಿದಂತೆ ಒಂದೊಂದೇ ಮಂಡಿಯನ್ನು ಎದೆಗೆ ಎಳೆದುಕೊಂಡು ಬಿಡುತ್ತೇನೆ. ಬರೀ ಶಾಖಕ್ಕಿಂತ ನನಗೆ ಇದರಿಂದಲೇ ಆರಾಮ ಜಾಸ್ತಿ.