ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡಲಿಲ್ಲ

ಮೊನ್ನೆ ರಾತ್ರಿ ಉಬುಂಟು (ವಿಂಡೋಸ್ ಬದಲು ಬಳಸುವ ಲಿನಕ್ಸ್ ಸಿಸ್ಟಮ್) ಹಾಕಿರುವ ನನ್ನ ಲ್ಯಾಪ್‌ಟಾಪ್ ಹಟ ಹಿಡಿಯಿತು. ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದರೆ ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಅದೇ ಲಾಗಿನ್ ಪುಟ. ಐದಾರು ಸಲ ಮಾಡಿದೆ. ಪಾಸ್‌ವರ್ಡ್ ತಪ್ಪಿದ್ದರೆ ತಪ್ಪು ಅಂತ ಹೇಳಬೇಕಿತ್ತು ಅಲ್ವಾ? ಅದನ್ನೂ ಹೇಳಲಿಲ್ಲ. ಅಂದರೆ ಬಾಗಿಲು ತೆರೆಯುತ್ತಿದೆ, ಒಳಗೆ ಕಾಲಿಡಲು ಜಾಗ ಇಲ್ಲ.

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದೆ. ಬರೀ ಅಕ್ಷರಗಳ ಕಪ್ಪು ಪರದೆ ಬಂತು. ಇಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಕಾಣಿಸುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಸುಮ್ನೆ ಹೊಡೆದು ಎಂಟರ್ ಒತ್ತಿ.

ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ 'ಡಿಎಫ್ -ಎಚ್' ಕಮಾಂಡ್ ಕೊಟ್ಟೆ. ಸಿಕ್ಕಿಬಿತ್ತು ಕಳ್ಳ: 100%! ಲಾಗಿನ್ ಆಗುವಾಗ ಸಿಸ್ಟಮ್ ಕೆಲವು ಸಣ್ಣ ಫೈಲ್ ಬರೆದುಕೊಳ್ಳಬೇಕು. ಅದಕ್ಕೂ ಜಾಗ ಇರಲಿಲ್ಲ. ತಪ್ಪು ನನ್ನದೇ. ತಂಗಿ ಮದುವೆಯ ವಿಡಿಯೋಗಳನ್ನು ಡಿಲೀಟ್ ಮಾಡಿದ್ದೆ, ಕಸದ ಬುಟ್ಟಿ ಖಾಲಿ ಮಾಡಿರಲಿಲ್ಲ.

ಮೊದಲು 'ಸುಡೋ ಆಪ್ಟ್ ಕ್ಲೀನ್'. ಅಪ್‌ಡೇಟ್‌ಗೆಂದು ಇಳಿಸಿಕೊಂಡ ಹಳೆಯ ಪ್ಯಾಕೇಜ್‌ಗಳು ಹೋದವು. ಆಮೇಲೆ ಹೋಮ್ ಫೋಲ್ಡರ್ ಒಳಗೆ ಅಡಗಿರುವ ಟ್ರ್ಯಾಶ್ ಫೋಲ್ಡರ್ (ಅದೇ ಕಸದ ಬುಟ್ಟಿ) ಹುಡುಕಿ, ಅದರಲ್ಲಿದ್ದದ್ದನ್ನು ಅಳಿಸಿದೆ. 'ಆರ್‌ಎಂ' ಕಮಾಂಡ್ ಅಳಿಸಿದ್ದು ವಾಪಸ್ ಬರುವುದಿಲ್ಲ, ಹಾಗಾಗಿ ಎಂಟರ್ ಒತ್ತುವ ಮುಂಚೆ ಫೋಲ್ಡರ್ ಹೆಸರನ್ನು ಮೂರು ಸಲ ಓದಿದೆ. ಮತ್ತೆ 'ಡಿಎಫ್' ನೋಡಿದರೆ 81%.

ರೀಬೂಟ್ ಮಾಡಿದೆ. ಒಂದೇ ಎಂಟರ್‌ಗೆ ಡೆಸ್ಕ್‌ಟಾಪ್ ಬಂತು.