ಗಾಲ್ಫ್ ವೃತ್ತಿ: ಟೂರ್ ಕಾರ್ಡ್ ಗಳಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಅಂತರರಾಷ್ಟ್ರೀಯ ಗಾಲ್ಫ್ ಟೂರ್‌ಗಳಲ್ಲಿ, ಅಂದರೆ ವರ್ಷವಿಡೀ ನಡೆಯುವ ಟೂರ್ನಿಗಳ ಸರಣಿಗಳಲ್ಲಿ, ಆಡುವವರಿಗೆ ತಿಂಗಳ ಸಂಬಳವಿಲ್ಲ, ಅವರನ್ನು ಆರಿಸುವ ಸಮಿತಿಯಿಲ್ಲ, ತಂಡದಲ್ಲಿ ಕಾಯಂ ಸ್ಥಾನವೆಂಬುದೂ ಇಲ್ಲ. ಅವರ ಕೈಯಲ್ಲಿರುವುದು ‘ಟೂರ್ ಕಾರ್ಡ್’, ಅಂದರೆ ಆ ಋತುವಿನ ಟೂರ್ನಿಗಳಲ್ಲಿ ಆಡುವ ಹಕ್ಕು ಮಾತ್ರ. ಬಹುಪಾಲು ಆಟಗಾರರು ಇದನ್ನು ವರ್ಷದಿಂದ ವರ್ಷಕ್ಕೆ ಹೊಸದಾಗಿ ಸಂಪಾದಿಸಬೇಕು. ಮಗನೋ ಮಗಳೋ ಗಾಲ್ಫನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದು ಬಯಸುವ ಪೋಷಕರು ಚೆಂಡನ್ನು ಎಷ್ಟು ದೂರ ಹೊಡೆಯಬೇಕೆಂದು ಕೇಳುವುದಕ್ಕಿಂತ ಈ ಕಾರ್ಡಿನ ವ್ಯವಸ್ಥೆಯನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲ ಹಂತ ಹವ್ಯಾಸಿ ಆಟ. ಭಾರತೀಯ ಗಾಲ್ಫ್ ಒಕ್ಕೂಟ ವಯಸ್ಸಿಗೆ ತಕ್ಕಂತೆ ವಿಭಾಗ ಮಾಡಿ ಜೂನಿಯರ್ ಸ್ಪರ್ಧೆಗಳನ್ನು ನಡೆಸುತ್ತದೆ. ಅವುಗಳಲ್ಲಿ ಹೆಸರು ಬಂದ ನಂತರ ಹಿರಿಯರ ಹವ್ಯಾಸಿ ಟೂರ್ನಿಗಳು. ಆಡುವ ಜಾಗದ ಮಟ್ಟಿಗೆ ಕರ್ನಾಟಕದ ಮಕ್ಕಳ ಸ್ಥಿತಿ ತಕ್ಕಮಟ್ಟಿಗೆ ಚೆನ್ನಾಗಿದೆ. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್, ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಕೋರ್ಸ್, ಬಿಡದಿ ಬಳಿಯ ಈಗಲ್‌ಟನ್, ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇವೆಲ್ಲ ವೃತ್ತಿಪರರನ್ನು ಬೆಳೆಸಿದ ಜಾಗಗಳು. ಇದು ಹಣವಂತರ ಆಟ ಎಂಬ ಮಾತು ಸುಳ್ಳಲ್ಲ; ಕ್ಲಬ್ ಸದಸ್ಯತ್ವ, ಸಲಕರಣೆ, ತರಬೇತಿ ಯಾವುದೂ ಅಗ್ಗವಲ್ಲ. ಆದರೂ ಇನ್ನೊಂದು ಬಾಗಿಲು ಹಿಂದಿನಿಂದಲೂ ಇದೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಮೊದಲು ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದರು. ಈಗಲ್‌ಟನ್ ಪಕ್ಕದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಕೂಡ ಅದೇ ಕೋರ್ಸಿನಲ್ಲಿ ಕೆಲಸಕ್ಕೆಂದು ಬಂದು ಆಟಗಾರರಾದವರು.

ಎರಡನೆಯ ಹಂತದಲ್ಲಿ ಬರುವುದು ವೃತ್ತಿಪರರಾಗುವ ನಿರ್ಧಾರ, ಮತ್ತು ಹೆಚ್ಚಿನವರು ಅವಸರ ಮಾಡುವುದೂ ಇಲ್ಲಿಯೇ. ಹ್ಯಾಂಡಿಕ್ಯಾಪ್ (ಪಾರ್‌ಗಿಂತ, ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತಗಳಿಗಿಂತ, ಎಷ್ಟು ಹೆಚ್ಚು ಬೇಕಾಗುತ್ತವೆ ಎಂಬ ಅಳತೆ) ಸೊನ್ನೆಗೆ ಇಳಿದರೆ ಸಾಕು ಎಂಬ ಭಾವನೆ ವ್ಯಾಪಕವಾಗಿದೆ. ಟೂರ್ ಮಟ್ಟದ ಆಟಗಾರರು ಸೊನ್ನೆ ಹ್ಯಾಂಡಿಕ್ಯಾಪ್‌ನವರಿಗಿಂತ ಪ್ರತಿ ಸುತ್ತಿನಲ್ಲಿ ಹಲವು ಹೊಡೆತಗಳಷ್ಟು ಮುಂದಿರುತ್ತಾರೆ, ಅದೂ ಪರಿಚಯವಿಲ್ಲದ ಕೋರ್ಸಿನಲ್ಲಿ, ಗಾಳಿಯಲ್ಲಿ, ನಾಲ್ಕು ದಿನ ಸತತವಾಗಿ. ಮನೆಯ ಕೋರ್ಸಿನಲ್ಲಿ 66 ಹೊಡೆತಗಳಲ್ಲಿ ಮುಗಿಸಿದ ಸುತ್ತು ಇದಕ್ಕೆ ಪ್ರಮಾಣವಾಗದು. ಇದಲ್ಲದೆ ಹವ್ಯಾಸಿಯಾಗಿ ಉಳಿಯುವುದರಲ್ಲಿ ಲಾಭವೂ ಇದೆ: ಏಷ್ಯಾ–ಪೆಸಿಫಿಕ್ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದ ಹುಡುಗನಿಗೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಾದ ಮಾಸ್ಟರ್ಸ್ ಮತ್ತು ದಿ ಓಪನ್ ಎರಡಕ್ಕೂ ಆಹ್ವಾನ ಬರುತ್ತದೆ. ವೃತ್ತಿಪರನಾಗಿಬಿಟ್ಟವನಿಗೆ ಈ ದಾರಿ ಮುಚ್ಚಿಹೋಗುತ್ತದೆ. 2022ರಲ್ಲಿ ಜಾರಿಗೆ ಬಂದ ನಿಯಮಗಳಂತೆ ಹವ್ಯಾಸಿಗಳೂ ಪ್ರಾಯೋಜಕರಿಂದ ನೆರವು ಪಡೆಯಬಹುದಾದ್ದರಿಂದ ಖರ್ಚಿನ ಕಾರಣಕ್ಕಾಗಿಯೇ ವೃತ್ತಿಪರರಾಗಬೇಕಾದ ಒತ್ತಡವೂ ಈಗ ಕಡಿಮೆ.

ನಿರ್ಧಾರವಾದ ಮೇಲೆ ಎದುರಾಗುವುದು ‘ಕ್ಯೂ ಸ್ಕೂಲ್’ ಎಂದು ಕರೆಯುವ ಅರ್ಹತಾ ಸ್ಪರ್ಧೆ. ಹೆಸರಿನಲ್ಲಿ ಸ್ಕೂಲ್ ಇದ್ದರೂ ಅಲ್ಲಿ ಪಾಠವಿಲ್ಲ, ಪರೀಕ್ಷೆ ಮಾತ್ರ. ಭಾರತದಲ್ಲಿ ಪುರುಷರಿಗೆ ಪಿಜಿಟಿಐ (ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ), ಅದರ ಮೇಲೆ ಏಷ್ಯನ್ ಟೂರ್, ಯುರೋಪಿನಲ್ಲಿ ಡಿಪಿ ವರ್ಲ್ಡ್ ಟೂರ್. ಇವು ಪ್ರತ್ಯೇಕವಾಗಿ ಕ್ಯೂ ಸ್ಕೂಲ್ ನಡೆಸುತ್ತವೆ. ಡಿಪಿ ವರ್ಲ್ಡ್ ಟೂರ್‌ನದು ಮೂರು ಹಂತಗಳದ್ದು. ಅಂತಿಮ ಹಂತವೊಂದೇ ಆರು ಸುತ್ತು, 108 ಹೋಲ್‌ಗಳು (ಚೆಂಡನ್ನು ಸೇರಿಸಬೇಕಾದ ಕುಳಿಗಳು). ಕೊನೆಯ ದಿನ ಒಂದು ಹೊಡೆತದಿಂದ ತಪ್ಪಿದವನಿಗೆ ಮುಂದಿನ ವರ್ಷ ಎಲ್ಲಿ ಆಡಬೇಕೆಂಬುದೇ ಪ್ರಶ್ನೆಯಾಗಿಬಿಡುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಈ ಹಂತವನ್ನು ದಾಟಿದ ಕ್ರಮವನ್ನು ಗಮನಿಸಬೇಕು. 2015ರ ಡಿಸೆಂಬರ್‌ನಲ್ಲಿ ಮೊರೊಕ್ಕೊದಲ್ಲಿ ನಡೆದ ಲೇಡೀಸ್ ಯುರೋಪಿಯನ್ ಟೂರ್‌ನ ಅರ್ಹತಾ ಸ್ಪರ್ಧೆಯನ್ನು ಅವರು 17ನೇ ವಯಸ್ಸಿನಲ್ಲಿ, ಹವ್ಯಾಸಿಯಾಗಿದ್ದಾಗಲೇ ಗೆದ್ದರು. ಕಾರ್ಡ್ ಖಾತ್ರಿಯಾದ ಮೇಲೆ, 2016ರ ಜನವರಿ 1ರಂದು ವೃತ್ತಿಪರರಾದರು. ಅದೇ ವರ್ಷ ನವೆಂಬರ್‌ನಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದು, ಆ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿಕೊಂಡರು. ಮರುವರ್ಷ ಅಮೆರಿಕದ ಮಹಿಳಾ ಟೂರ್ ಆದ ಎಲ್‌ಪಿಜಿಎ ಟೂರ್‌ಗೆ ಹೋದರು.

ಕ್ಯೂ ಸ್ಕೂಲ್ ಒಂದೇ ದಾರಿಯಲ್ಲ. ಕೆಳಗಿನ ಟೂರ್‌ನ ವಾರ್ಷಿಕ ಪಟ್ಟಿಯಲ್ಲಿ ಮೇಲಕ್ಕೇರಿ ಮುಂದಿನ ಟೂರ್‌ಗೆ ಬಡ್ತಿ ಪಡೆಯುವುದು, ನನ್ನ ಅಭಿಪ್ರಾಯದಲ್ಲಿ, ಹೆಚ್ಚು ಭದ್ರವಾದ ದಾರಿ. ಏಕೆಂದರೆ ಅದು ಒಂದು ವಾರದ ಅದೃಷ್ಟದ ಮೇಲೆ ನಿಲ್ಲದೆ ಇಡೀ ವರ್ಷದ ಆಟದ ಮೇಲೆ ನಿಲ್ಲುತ್ತದೆ. 2023ರಲ್ಲಿ ಪಿಜಿಟಿಐ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದ ಓಂ ಪ್ರಕಾಶ್ ಚೌಹಾಣ್ ಅವರಿಗೆ ಅದರಿಂದಲೇ ಡಿಪಿ ವರ್ಲ್ಡ್ ಟೂರ್ ಕಾರ್ಡ್ ದೊರೆಯಿತು. ಡಿಪಿ ವರ್ಲ್ಡ್ ಟೂರ್‌ನ ವರ್ಷಾಂತ್ಯದ ಪಟ್ಟಿಯಿಂದ, ಬೇರೆ ರೀತಿಯಲ್ಲಿ ಅರ್ಹತೆಯಿಲ್ಲದ ಮೊದಲ ಹತ್ತು ಮಂದಿಗೆ ಅಮೆರಿಕದ ಪಿಜಿಎ ಟೂರ್ ಕಾರ್ಡ್ ನೀಡುವ ಪದ್ಧತಿಯೂ ಇದೆ. ಎರಡು ಟೂರ್‌ಗಳು ಸೇರಿ ಮಾನ್ಯ ಮಾಡಿದ ಟೂರ್ನಿಗಳ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ಬೆಂಗಳೂರಿನಲ್ಲಿ ನೆಲೆಸಿ ಆಡಿದ ಅನಿರ್ಬನ್ ಲಾಹಿರಿ 2007ರಲ್ಲಿ ವೃತ್ತಿಪರರಾದರು, ವರ್ಷಗಳ ಕಾಲ ಭಾರತ ಮತ್ತು ಏಷ್ಯಾದ ಟೂರ್‌ಗಳಲ್ಲಿ ಬೆಳೆದರು. 2015ರ ಫೆಬ್ರುವರಿಯಲ್ಲಿ ಮಲೇಷ್ಯನ್ ಓಪನ್ ಮತ್ತು ಇಂಡಿಯನ್ ಓಪನ್ ಗೆದ್ದಾಗ ಆ ಎರಡಕ್ಕೂ ಏಷ್ಯನ್ ಮತ್ತು ಯುರೋಪಿಯನ್ (ಈಗಿನ ಡಿಪಿ ವರ್ಲ್ಡ್) ಟೂರ್‌ಗಳ ಮಾನ್ಯತೆ ಇದ್ದುದರಿಂದ ಯುರೋಪಿನ ಬಾಗಿಲು ತಾನಾಗಿಯೇ ತೆರೆಯಿತು.

ಕಾರ್ಡ್ ಬಂದ ಮೇಲೆ ಟೂರ್ನಿಯ ವಾರವನ್ನು ಬಳಸಿಕೊಳ್ಳುವುದನ್ನು ಕಲಿಯಬೇಕು. ಸಾಮಾನ್ಯವಾಗಿ ಸೋಮವಾರ ಪ್ರಯಾಣ, ಮಂಗಳವಾರ ಅಭ್ಯಾಸ ಸುತ್ತು, ಬುಧವಾರ ಪ್ರಾಯೋಜಕರ ಅತಿಥಿಗಳೊಂದಿಗೆ ಆಡುವ ಪ್ರೊ–ಆಮ್, ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಸುತ್ತು. ಅಭ್ಯಾಸ ಸುತ್ತಿನಲ್ಲಿ ಅನುಭವಿಗಳು ಅಂಕಕ್ಕಾಗಿ ಆಡುವುದಿಲ್ಲ. ಕುಳಿಯಿರುವ ನುಣುಪು ಹುಲ್ಲಿನ ಜಾಗವಾದ ಗ್ರೀನ್‌ನ ನಾಲ್ಕು ಮೂಲೆಗಳಿಗೆ ಚೆಂಡು ಉರುಳಿಸಿ ಇಳಿಜಾರು ನೋಡುತ್ತಾರೆ. ಕ್ಯಾಡಿ ಜೇಬಿನ ಅಳತೆ ಪುಸ್ತಕವನ್ನು ಬಿಡಿಸಿ, ಬಂಕರ್‌ನ (ಮರಳಿನ ಗುಂಡಿಯ) ಅಂಚಿನಿಂದ ಗ್ರೀನ್‌ನ ಮುಂಭಾಗಕ್ಕೆ ಎಷ್ಟು ಗಜ, ಚೆಂಡು ಎಲ್ಲಿ ಬಿದ್ದರೆ ಮುಂದಿನ ಹೊಡೆತ ಕಷ್ಟವಾಗುತ್ತದೆ ಎಂಬುದನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳುತ್ತಾನೆ. ಚೀಲದಲ್ಲಿ 14 ಕ್ಲಬ್‌ಗಳಿಗಷ್ಟೇ ಅವಕಾಶ. ಯಾವುದನ್ನು ಬಿಡಬೇಕೆಂಬುದು ಈ ಗುರುತುಗಳಿಂದಲೇ ತೀರ್ಮಾನವಾಗುತ್ತದೆ.

ದೂರದ ಹೊಡೆತದ ಮೋಹ ಬಿಡದವರು 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅಂಕಪಟ್ಟಿಯನ್ನು ಒಮ್ಮೆ ನೋಡಬೇಕು. 60 ಮಂದಿಯ ಕಣದಲ್ಲಿ ಡ್ರೈವ್ ದೂರದ ಲೆಕ್ಕದಲ್ಲಿ ತೀರಾ ಕೆಳಗಿದ್ದ ಅದಿತಿ 67, 66, 68, 68 ಬರೆದು, ಪಾರ್‌ಗಿಂತ 15 ಕಡಿಮೆ ಹೊಡೆತಗಳೊಂದಿಗೆ ನಾಲ್ಕನೆಯವರಾದರು. ಬೆಳ್ಳಿ, ಕಂಚಿಗಾಗಿ ಪ್ಲೇಆಫ್ (ಸಮಬಲ ಮುರಿಯುವ ಹೆಚ್ಚುವರಿ ಆಟ) ಆಡಿದ ಇಬ್ಬರಿಗಿಂತ ಒಂದೇ ಹೊಡೆತ ಹಿಂದೆ. ಅವರನ್ನು ಅಲ್ಲಿಯವರೆಗೆ ಕರೆದೊಯ್ದದ್ದು ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟಿಂಗ್ ಮತ್ತು ಗ್ರೀನ್ ಸುತ್ತಲಿನ ಸಣ್ಣ ಹೊಡೆತಗಳು. ಆ ವಾರ ಅವರ ಚೀಲ ಹೊತ್ತವರು ಅವರ ತಾಯಿ.

ಸುತ್ತು ಮುಗಿದ ಕೂಡಲೇ ಅಂಕಪಟ್ಟಿಯನ್ನು ಹೋಲ್ ಹೋಲ್‌ಗೆ ತಾಳೆ ನೋಡಿ ಸಹಿ ಹಾಕುವುದು ಆಟದಷ್ಟೇ ಮುಖ್ಯವಾದ ಕೆಲಸ. ಅಂಕಗಳನ್ನು ಬರೆಯುವುದು ಜೊತೆಗೆ ಆಡಿದವರು. ತಪ್ಪಿದ್ದರೆ ನಷ್ಟ ಸಹಿ ಹಾಕಿದವರಿಗೆ. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಚೆಂಜೊ 65 ಹೊಡೆತಗಳಲ್ಲಿ ಸುತ್ತು ಮುಗಿಸಿ, 66 ಎಂದಾಗುವಂತೆ ಬರೆದಿದ್ದ ಪಟ್ಟಿಗೆ ಸಹಿ ಹಾಕಿದರು. ನಿಯಮದಂತೆ ಸಹಿ ಹಾಕಿದ ಅಂಕವೇ ಉಳಿದು, ಪ್ಲೇಆಫ್ ಆಡುವ ಅವಕಾಶ ಕೈತಪ್ಪಿತು.

ಇನ್ನು ಹಣದ ಲೆಕ್ಕ. ಸಾಮಾನ್ಯವಾಗಿ ಎರಡು ಸುತ್ತಿನ ನಂತರ ‘ಕಟ್’ ಇರುತ್ತದೆ. ಪಿಜಿಎ ಟೂರ್ ಮತ್ತು ಡಿಪಿ ವರ್ಲ್ಡ್ ಟೂರ್‌ನ ಬಹುತೇಕ ಟೂರ್ನಿಗಳಲ್ಲಿ ಮೊದಲ 65 ಸ್ಥಾನದವರು ಮತ್ತು ಅವರೊಂದಿಗೆ ಸಮಾನ ಅಂಕ ಪಡೆದವರು ಮುಂದುವರಿಯುತ್ತಾರೆ. ಉಳಿದವರಿಗೆ ಸಾಮಾನ್ಯವಾಗಿ ಬಹುಮಾನದ ಪಾಲಿಲ್ಲ; ಆದರೆ ವಿಮಾನದ ಟಿಕೆಟ್, ಹೋಟೆಲ್, ಕ್ಯಾಡಿಯ ವಾರದ ಸಂಭಾವನೆ ಅವರ ಜೇಬಿನಿಂದಲೇ ಹೋಗಿರುತ್ತವೆ. ಮೇಲಿನ ತುದಿಯಲ್ಲಿ ಬಹುಮಾನ ಕಣ್ಣು ಕೋರೈಸುವಂಥದ್ದು. 2022ರ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಕ್ಯಾಮರಾನ್ ಸ್ಮಿತ್ ಅವರಿಗಿಂತ ಒಂದು ಹೊಡೆತ ಹಿಂದೆ ಉಳಿದ ಲಾಹಿರಿ ಎರಡನೆಯ ಸ್ಥಾನಕ್ಕೆ 21.8 ಲಕ್ಷ ಡಾಲರ್ ಪಡೆದರು. ಪಿಜಿಟಿಐನಲ್ಲಿ ಒಟ್ಟು 1 ಕೋಟಿ ರೂಪಾಯಿಯ ಟೂರ್ನಿ ಗೆದ್ದವರಿಗೆ ಬರುವುದು ಸುಮಾರು 15 ಲಕ್ಷ. ಈ ಎರಡರ ನಡುವಿನ ಅಂತರವನ್ನು ದಾಟುವವರೆಗೆ ಪ್ರಾಯೋಜಕರೋ, ಸರ್ಕಾರದ ನೆರವೋ, ಮನೆಯವರ ಉಳಿತಾಯವೋ ಬೇಕೇ ಬೇಕು. ಅನೇಕ ದೇಶಗಳು ಬಹುಮಾನದ ಹಣದಿಂದ ಮೂಲದಲ್ಲಿಯೇ ತೆರಿಗೆ ಕಡಿತ ಮಾಡುತ್ತವೆ. ಆ ದಾಖಲೆಗಳನ್ನು ಜೋಪಾನವಾಗಿಟ್ಟು, ದ್ವಿತೆರಿಗೆ ಒಪ್ಪಂದಗಳನ್ನು ಬಲ್ಲ ಲೆಕ್ಕಪರಿಶೋಧಕರನ್ನು ಮೊದಲ ವರ್ಷದಿಂದಲೇ ಇಟ್ಟುಕೊಳ್ಳುವುದು ಉಚಿತ.

ಕೊನೆಯದಾಗಿ, ಕಾರ್ಡ್ ಉಳಿಸಿಕೊಳ್ಳುವುದು. ಪ್ರತಿ ಟೂರ್ ವರ್ಷಾಂತ್ಯದಲ್ಲಿ ತನ್ನ ಪಟ್ಟಿಯಲ್ಲಿ ಒಂದು ಗೆರೆ ಎಳೆಯುತ್ತದೆ; ಅದರ ಮೇಲಿನ ಸ್ಥಾನದವರ ಕಾರ್ಡ್ ಉಳಿಯುತ್ತದೆ. ಪಿಜಿಎ ಟೂರ್‌ನಲ್ಲಿ ಬಹುಕಾಲ 125 ಇದ್ದ ಈ ಗೆರೆ 2026ರ ಋತುವಿಗೆ 100ಕ್ಕೆ ಇಳಿಯಿತು. ಗೆರೆ ಬದಲಾಗುತ್ತಲೇ ಇರುವುದರಿಂದ ಋತುವಿನ ಆರಂಭದಲ್ಲಿಯೇ ಅರ್ಹತಾ ವರ್ಗಗಳ ನಿಯಮಾವಳಿಯನ್ನು ಓದಿ, ತಮ್ಮ ವರ್ಗಕ್ಕೆ ಯಾವ ಟೂರ್ನಿಗಳಲ್ಲಿ ಪ್ರವೇಶ ಖಚಿತವೆಂದು ಗುರುತಿಸಿಕೊಂಡೇ ಪ್ರಯಾಣದ ಯೋಜನೆ ಮಾಡಬೇಕು. ಗಾಯವಾದರೆ ನೋವು ನುಂಗಿಕೊಂಡು ಆಡುವ ಬದಲು ಗುಣವಾಗಿ ಮರಳಿದಾಗಲೂ ಆಡುವ ಹಕ್ಕು ಉಳಿಯುವಂತೆ ವೈದ್ಯಕೀಯ ವಿನಾಯಿತಿಗೆ ಅರ್ಜಿ ಹಾಕಬೇಕು. ಆದರೆ ಆ ವಿನಾಯಿತಿಗೂ ಮಿತಿಯಿದೆ. ಅರ್ಜುನ್ ಅತ್ವಾಲ್ ಅವರ ವಿನಾಯಿತಿ 2010ರ ಬೇಸಿಗೆಯಲ್ಲಿ ಮುಗಿದು ಪಿಜಿಎ ಟೂರ್ ಕಾರ್ಡ್ ಹೋಯಿತು. ಅವರು ಆಗಸ್ಟ್‌ನಲ್ಲಿ ನಾರ್ತ್ ಕೆರೊಲಿನಾದ ವಿಂಡಮ್ ಚಾಂಪಿಯನ್‌ಷಿಪ್‌ಗೆ, ಕಾರ್ಡ್ ಇಲ್ಲದವರಿಗೆಂದು ಸೋಮವಾರ ನಡೆಯುವ ಒಂದೇ ದಿನದ ಅರ್ಹತಾ ಸುತ್ತಿನ ಮೂಲಕ ಪ್ರವೇಶ ಪಡೆದು, ಭಾನುವಾರ ಪ್ರಶಸ್ತಿಯನ್ನೇ ಗೆದ್ದರು. ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ ಅವರೇ. ಹೋಗಿದ್ದ ಕಾರ್ಡ್ ಆ ಗೆಲುವಿನಿಂದ ಮರಳಿ ಬಂತು.